ನೊಣದ ಫೋಟೊ ಕಳಿಸುವ ಮುಂಚೆ

ಕಮತಗಿ ಸುತ್ತಿನ ಎರೆಹೊಲ, ಹಣ್ಣಿನ ತೋಟ, ಮಲಪ್ರಭೆಯ ದಂಡೆಯಲ್ಲಿ ಸಣ್ಣ ನೊಣಗಳ ಫೋಟೊ ತೆಗೆದು ಹೆಸರು ಕೇಳುವ ರೈತರು, ವಿದ್ಯಾರ್ಥಿಗಳು, ಹವ್ಯಾಸಿಗಳು ಈ ಸೂಚನೆಗಳನ್ನು ತಪ್ಪದೆ ಪಾಲಿಸಬೇಕು. ಫೋಟೊದಲ್ಲಿ ಎಷ್ಟು ಕಾಣುತ್ತದೋ ಅಷ್ಟಕ್ಕೇ ಹೆಸರು.

ಮಾಡಬೇಕಾದ್ದು

1. ಮೊದಲು ರೆಕ್ಕೆ ಎಣಿಸಿ. ಒಂದೇ ಜೊತೆ ಇದ್ದು, ಅದರ ಹಿಂದೆ ಗುಂಡುತಲೆಯ ಎರಡು ಪುಟ್ಟ ಕಡ್ಡಿಗಳಿದ್ದರೆ ಅದು ನೊಣ. ಕುಸುಬಿ ಹೂವಿನ ಎದುರು ಗಾಳಿಯಲ್ಲಿ ನಿಂತಂತೆ ಹಾರುವ ಹಳದಿ-ಕಪ್ಪು ಪಟ್ಟೆಯ ಹುಳು ಬಹುಮಟ್ಟಿಗೆ ಜೇನಲ್ಲ, ಹೂನೊಣ. ಇವುಗಳಲ್ಲಿ ಹಲವು ಜಾತಿಗಳ ಮರಿಹುಳು ಸಸ್ಯಹೇನು ತಿಂದು ಬದುಕುತ್ತದೆ.

2. ಮೇಲಿನಿಂದ, ಪಕ್ಕದಿಂದ, ಮುಖದ ಎದುರಿನಿಂದ, ಹೀಗೆ ಮೂರು ಫೋಟೊ ತೆಗೆಯಿರಿ. ಹಣ್ಣುನೊಣಗಳ ಗುರುತು ಮೈತುಂಬ ಹಂಚಿಹೋಗಿದೆ. ಬ್ಯಾಕ್ಟ್ರೋಸೆರಾ ಡಾರ್ಸಾಲಿಸ್‌ಗೆ ರೆಕ್ಕೆಯ ಮುಂದಂಚಿನುದ್ದಕ್ಕೂ ಸಪೂರ ಕಂದು ಗೆರೆ, ಹೊಟ್ಟೆಯ ಮೇಲೆ ಟಿ ಆಕಾರದ ಕಪ್ಪು ಗುರುತು. ಅದೇ ಕುಲದ ಝೊನಾಟಾಗೆ ಆ ಗೆರೆ ಪೂರ್ತಿ ಇಲ್ಲ, ರೆಕ್ಕೆಯ ತುದಿಯಲ್ಲೊಂದು ಚುಕ್ಕೆ ಮಾತ್ರ. ಕರೆಕ್ಟಾದ ರೆಕ್ಕೆಯೂ ಹಾಗೇ. ಮುಖದ ಮೇಲಿನ ಅಡ್ಡ ಕಪ್ಪು ಗೆರೆಯೇ ವ್ಯತ್ಯಾಸ. ಹೀರೆ, ಹಾಗಲಕ್ಕೆ ಬೀಳುವ ನೊಣಕ್ಕೆ ಎದೆಯ ನಡುವೆ ಮೂರನೆಯ ಹಳದಿ ಪಟ್ಟೆ ಇರುತ್ತದೆ.

3. ಬೆಳಗಿನ ತಂಪಿನಲ್ಲಿ ತೆಗೆಯಿರಿ, ಆಗ ನೊಣ ಮಂದವಾಗಿರುತ್ತದೆ. ಅದು ಹಾರಿದ ಮೇಲೆ ಕೂತಿದ್ದ ಜಾಗದಲ್ಲಿ ಅಳತೆಪಟ್ಟಿ ಇಟ್ಟು ಅದೇ ದೂರದಿಂದ ಇನ್ನೊಂದು ಫೋಟೊ ತೆಗೆಯಿರಿ.

4. ಊರು, ದಿನಾಂಕ, ಬೆಳೆ, ಗಿಡದ ಯಾವ ಭಾಗ ಎಂದು ಬರೆಯಿರಿ. ಬಲೆಗೆ ಬಿದ್ದದ್ದಾದರೆ ಬಲೆಯೊಳಗಿನ ಆಕರ್ಷಕ ಯಾವುದೆಂದೂ ಹೇಳಿ. ಮೀಥೈಲ್ ಯೂಜಿನಾಲ್‌ಗೆ ಡಾರ್ಸಾಲಿಸ್, ಝೊನಾಟಾ, ಕರೆಕ್ಟಾದ ಗಂಡುಗಳು ಬರುತ್ತವೆ. ಕ್ಯೂ ಲ್ಯೂರ್‌ಗೆ ಹೀರೆ-ಹಾಗಲದ ನೊಣದ ಗಂಡು. ಈ ಒಂದು ಮಾತು ಹತ್ತು ಮಸುಕು ಫೋಟೊಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

5. ಹಿಂಗಾರಿ ಜೋಳದಲ್ಲಿ ಸುಳಿನೊಣದ ಅನುಮಾನವಿದ್ದರೆ ನೊಣದ ಬೆನ್ನು ಹತ್ತುವುದು ಬಿಟ್ಟು ಪೈರು ನೋಡಿ. ಎಳೆ ಎಲೆಯ ಅಡಿಯಲ್ಲಿ ನಡುನರಕ್ಕೆ ಸಮಾನಾಂತರವಾಗಿ ಒಂದೊಂದಾಗಿ ಅಂಟಿದ ಬಿಳಿ ತತ್ತಿ, ಒಣಗಿದ ಸುಳಿ, ಎಳೆದರೆ ಸಲೀಸಾಗಿ ಕಿತ್ತುಬಂದು ನಾರುವ ಬುಡ: ಇವುಗಳ ಫೋಟೊ ಕಳಿಸಿ.

6. ಮೂಲ ಫೈಲನ್ನೇ ಕಳಿಸಿ. ವಾಟ್ಸಾಪ್‌ನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಸಾಮಾನ್ಯ ಫೋಟೊದಂತೆ ಕಳಿಸಿದರೆ ಕುಗ್ಗಿ, ರೆಕ್ಕೆಯ ನರ ಅಳಿಸಿಹೋಗುತ್ತದೆ.

ಮಾಡಬಾರದ್ದು

1. ಬಣ್ಣವೊಂದನ್ನೇ ನಂಬಬೇಡಿ. ಕೋಶದಿಂದ ಆಗಷ್ಟೇ ಹೊರಬಂದ ನೊಣ ಪೇಲವವಾಗಿರುತ್ತದೆ. ಬಲೆಯಲ್ಲಿ ಸತ್ತು ಒಣಗಿದ್ದರ ಬಣ್ಣ ಕೆಡುತ್ತದೆ.

2. ಫಿಲ್ಟರ್ ಹಾಕಬೇಡಿ, ಫೋಟೊವನ್ನು ಸ್ಪಷ್ಟಗೊಳಿಸುವ ಆ್ಯಪ್ ಬಳಸಬೇಡಿ. ಇಲ್ಲದ ನರ, ಇಲ್ಲದ ಕೂದಲನ್ನು ಅದು ತಾನೇ ಬರೆದುಬಿಡಬಹುದು.

3. ಆ್ಯಪ್ ಮೊದಲು ತೋರಿಸಿದ ಹೆಸರನ್ನೇ ತೀರ್ಪೆಂದು ಹಂಚಬೇಡಿ. ಅದು ಸಲಹೆ ಮಾತ್ರ.

4. ಪ್ರಭೇದದ ಹೆಸರೇ ಬೇಕೆಂದು ಹಟ ಹಿಡಿಯಬೇಡಿ. ಮಾಂಸನೊಣ, ಸುಳಿನೊಣಗಳಲ್ಲಿ ಎಷ್ಟೋ ಪ್ರಭೇದಗಳನ್ನು ಬೇರ್ಪಡಿಸಲು ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಡಿ ನೋಡಲೇಬೇಕು. ಮಾದಿಯ ಫೋಟೊಗೆ ಕುಟುಂಬದ ಹೆಸರು ಸಿಕ್ಕರೂ ಅದು ಪೂರ್ಣ ಉತ್ತರವೇ. 2003ರಲ್ಲಿ ಕೀನ್ಯಾದಲ್ಲಿ ಸಿಕ್ಕ ಹಣ್ಣುನೊಣಕ್ಕೆ ತಜ್ಞರು 2005ರಲ್ಲಿ ಇನ್ವೇಡೆನ್ಸ್ ಎಂದು ಹೊಸ ಹೆಸರಿಟ್ಟರು. ಅದು ಡಾರ್ಸಾಲಿಸ್ಸೇ ಎಂದು 2015ರಲ್ಲಿ ಸೇರಿಸಿದರು. ನೊಣ ಕೈಯಲ್ಲಿದ್ದವರಿಗೇ ಹತ್ತು ವರ್ಷ ಹಿಡಿಯಿತು.

5. ಫೋಟೊಗೆಂದು ಹೂನೊಣ ಕೊಲ್ಲಬೇಡಿ. ಬಲೆಯಲ್ಲಿ ಸತ್ತವನ್ನು ಎಸೆಯಲೂ ಬೇಡಿ: ಸಣ್ಣ ಶೀಶೆಯಲ್ಲಿ ಶೇ. 70ರ ಆಲ್ಕೋಹಾಲ್ ಹಾಕಿ, ಚೀಟಿಯ ಮೇಲೆ ಪೆನ್ಸಿಲ್‌ನಿಂದ ವಿವರ ಬರೆದು ಒಳಗಿಡಿ. ಪೆನ್ನಿನ ಶಾಯಿ ಕರಗುತ್ತದೆ.

6. ಫೋಟೊದ ಊಹೆಯ ಮೇಲೆ ಎಣ್ಣಿ ಹೊಡೆಯಬೇಡಿ. ಹೂನೊಣವನ್ನು ಪೀಡೆಯೆಂದು ಬಗೆದು ಹೊಡೆದರೆ ಹೇನು ತಿನ್ನುವವೇ ಮೊದಲು ಸಾಯುತ್ತವೆ. ಖಚಿತ ಹೆಸರು ಬೇಕಾದರೆ ಶೀಶೆಯನ್ನು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟತಜ್ಞರಿಗೆ ತೋರಿಸಿ, ಆಮೇಲೆ ಪಂಪಿಗೆ ಕೈ ಹಾಕಿ.