‘ಅಲ್ಲ’ ಮತ್ತು ‘ಇಲ್ಲ’: ಕಾರವಾರ–ಅಂಕೋಲೆಯ ದ್ವಿಭಾಷಿಕ ತರಗತಿಯ ಹಿನ್ನೆಲೆಯಲ್ಲಿ

ಸ್ಪ್ಯಾನಿಷ್ ಕಲಿಯುವವರನ್ನು ಬಹುವಾಗಿ ಕಾಡುವ ಕ್ರಿಯಾಪದಗಳ ಜೋಡಿ ‘ಸೆರ್’ ಮತ್ತು ‘ಎಸ್ತಾರ್’. ವ್ಯಕ್ತಿ ಅಥವಾ ವಸ್ತು ಏನೆಂದು ಗುರುತಿಸಲು ಸೆರ್. ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ ಎನ್ನಲು ಎಸ್ತಾರ್. ಇದಕ್ಕೆ ಸಮೀಪದ ಭೇದ ಕನ್ನಡದಲ್ಲಿಯೂ ಉಂಟು. ಆದರೆ ಅದು ಸ್ಫುಟವಾಗುವುದು ನಿಷೇಧದಲ್ಲಿ. ‘ಅವರು ಅಧ್ಯಾಪಕರು’ ಎಂಬಲ್ಲಿ ಕ್ರಿಯಾಪದವೇ ಇಲ್ಲ. ಅದರ ನಿಷೇಧ ‘ಅಧ್ಯಾಪಕರಲ್ಲ’. ‘ಅವರು ಮನೆಯಲ್ಲಿದ್ದಾರೆ’ ಎಂಬುದರ ನಿಷೇಧ ‘ಮನೆಯಲ್ಲಿಲ್ಲ’. ಸ್ಪ್ಯಾನಿಷ್‌ನಲ್ಲಿ ಕ್ರಿಯಾಪದ ಎರಡು, ನಿಷೇಧಪದ ಒಂದೇ.

ಶಾಲಾ ವ್ಯಾಕರಣಗಳು ಅಲ್ಲ, ಇಲ್ಲ, ಉಂಟು, ಬೇಕು, ಬೇಡ, ಸಾಕು ಇವೆಲ್ಲವನ್ನೂ ‘ಕ್ರಿಯಾರ್ಥಕಾವ್ಯಯ’ವೆಂಬ ಒಂದೇ ವರ್ಗದಲ್ಲಿ ಇರಿಸುತ್ತವೆ. ವರ್ಗ ತಿಳಿಯುತ್ತದೆ, ಆಯ್ಕೆಯ ಸೂತ್ರ ತಿಳಿಯುವುದಿಲ್ಲ. ಕನ್ನಡ ಮನೆಮಾತಿನವರಿಗೆ ಇದರಿಂದ ತೊಡಕಿಲ್ಲ. ಕೊಂಕಣಿ ಮನೆಮಾತು ವ್ಯಾಪಕವಾಗಿರುವ ಕಾರವಾರ, ಅಂಕೋಲೆಗಳ ತರಗತಿಯಲ್ಲಿ ಮಾತ್ರ ವಿವರಣೆ ಅಗತ್ಯವಾಗುತ್ತದೆ.

ಈ ವಿವರಣೆಗೆ ಕೊಂಕಣಿಯೇ ಆಧಾರವಾಗಬಲ್ಲದು ಎಂಬುದು ಗಮನಾರ್ಹ. ‘ಇದು ಉಪ್ಪಲ್ಲ’ ಎಂಬುದಕ್ಕೆ ಕೊಂಕಣಿಯಲ್ಲಿ ‘ಹೆಂ ಮೀಟ ನ್ಹಯ್’. ‘ಇಲ್ಲಿ ಉಪ್ಪಿಲ್ಲ’ ಎಂಬುದಕ್ಕೆ ‘ಹಾಂಗಾ ಮೀಟ ನಾ’. ಒಂದು ದ್ರಾವಿಡ, ಇನ್ನೊಂದು ಇಂಡೋ-ಆರ್ಯನ್. ಆದರೂ ಅಲ್ಲ–ನ್ಹಯ್, ಇಲ್ಲ–ನಾ ಜೋಡಿಗಳು ಇಲ್ಲಿ ಸರಿಹೊಂದುತ್ತವೆ. ಹಿಂದಿಯ ‘ನಹೀಂ’, ಇಂಗ್ಲಿಷಿನ ‘ನಾಟ್’ ಈ ಭೇದವನ್ನು ಮರೆಮಾಡುತ್ತವೆ.

ನಿತ್ಯವಾದುದಕ್ಕೆ ‘ಅಲ್ಲ’, ಅನಿತ್ಯವಾದುದಕ್ಕೆ ‘ಇಲ್ಲ’ ಎಂಬ ಸುಲಭಸೂತ್ರ ನಿಲ್ಲದು. ಸದಾಶಿವಗಡ ಕಾಳಿ ನದಿಯ ದಡದಲ್ಲಿರುವುದು ನಿತ್ಯವೇ; ಆದರೂ ‘ಗಂಗಾವಳಿಯ ದಡದಲ್ಲಿಲ್ಲ’ ಎನ್ನುತ್ತೇವೆ. ಸ್ಪ್ಯಾನಿಷ್‌ನಲ್ಲಿಯೂ ಮೃತಸ್ಥಿತಿಗೆ ಬಳಕೆಯಾಗುವುದು ಎಸ್ತಾರ್. ಸಪ್ತಮಿ ಬಂದಲ್ಲೆಲ್ಲ ‘ಇಲ್ಲ’ ಎಂಬುದೂ ಸರಿಯಲ್ಲ. ‘ಕರ್ನಾಟಕದಲ್ಲಿ 1930ರ ಉಪ್ಪಿನ ಸತ್ಯಾಗ್ರಹ ಆರಂಭವಾದದ್ದು ಕಾರವಾರದಲ್ಲಿ ಅಲ್ಲ, ಅಂಕೋಲೆಯಲ್ಲಿ’ ಎಂಬ ವಾಕ್ಯದಲ್ಲಿ ಅಲ್ಲಗಳೆದಿರುವುದು ಇರವನ್ನಲ್ಲ, ಗುರುತನ್ನು. ಕೊಂಕಣಿಯಲ್ಲಿಯೂ ಇಲ್ಲಿ ‘ಕಾರವಾರಾಂತ ನ್ಹಯ್’ ಎಂದೇ ಆಗುತ್ತದೆ. ಘಟನೆ ನಡೆದ ಸ್ಥಳ ಹೇಳಲು ಸ್ಪ್ಯಾನಿಷ್ ಸಹ ಎಸ್ತಾರ್ ಬಿಟ್ಟು ಸೆರ್ ಬಳಸುತ್ತದೆ.

ಹೀಗಾಗಿ ನಾಮಪದದ ಮುಂದಿನ ನಿಷೇಧದಲ್ಲಿ ಅಧ್ಯಾಪಕರು ಕೇಳಿಸಬೇಕಾದ ಪ್ರಶ್ನೆ ಒಂದೇ: ನಿರಾಕರಿಸುತ್ತಿರುವುದು ಇರವನ್ನೋ, ಗುರುತನ್ನೋ? ಉತ್ತರ ತೋಚದ ವಿದ್ಯಾರ್ಥಿಗೆ ವಾಕ್ಯವನ್ನು ಮೊದಲು ಕೊಂಕಣಿಯಲ್ಲಿ ಹೇಳಲು ಸೂಚಿಸಬಹುದು. ಮನೆಮಾತನ್ನು ಕನ್ನಡ ಕಲಿಕೆಯ ಅಡ್ಡಿಯೆಂದು ತರಗತಿಯಿಂದ ಹೊರಗಿಟ್ಟರೆ, ಮಗು ಆಗಲೇ ಬಲ್ಲ ವ್ಯಾಕರಣವನ್ನೇ ಹೊರಗಿಟ್ಟಂತಾಗುತ್ತದೆ.