ಕುಸುಮ ರೋಗಿಗಳಿಗೆ ಸುರಕ್ಷಿತ ರಕ್ತ



ಕೆಲವು ಗಂಡುಮಕ್ಕಳಿಗೆ ಗಾಯವಾದರೆ ರಕ್ತ ಬೇಗ ನಿಲ್ಲುವುದಿಲ್ಲ. ಬಿದ್ದರೆ ಮೊಣಕಾಲು ಊದಿಕೊಳ್ಳುತ್ತದೆ. ಇದು ಕುಸುಮ ರೋಗ, ಅಂದರೆ ಹಿಮೋಫಿಲಿಯಾ ಇರಬಹುದು. ರಕ್ತ ಹೆಪ್ಪುಗಟ್ಟಿಸುವ 8ನೆಯ ಅಥವಾ 9ನೆಯ ಫ್ಯಾಕ್ಟರಿನ ಕೊರತೆಯೇ ಇದರ ಕಾರಣ. ಹೆಚ್ಚಾಗಿ ತಾಯಿಯ ಮೂಲಕ ಬರುವುದಾದರೂ ಇದು ತಾಯಿಯ ತಪ್ಪಲ್ಲ, ಶಾಪವೂ ಅಲ್ಲ. ಕೊರತೆಯಾದ ಫ್ಯಾಕ್ಟರನ್ನು ರಕ್ತನಾಳದ ಮೂಲಕ ಕೊಡುವುದೇ ಮುಖ್ಯ ಚಿಕಿತ್ಸೆ.

ಒಂದು ಕಾಲದಲ್ಲಿ ಈ ಔಷಧವೇ ವಿಷವಾಯಿತು. 1970ರ ದಶಕದಲ್ಲಿ ಸಾವಿರಾರು ದಾನಿಗಳ ಪ್ಲಾಸ್ಮಾವನ್ನು ಒಟ್ಟುಗೂಡಿಸಿ ಫ್ಯಾಕ್ಟರ್ ತಯಾರಿಸುತ್ತಿದ್ದರು. ಒಬ್ಬ ದಾನಿಗೆ ಸೋಂಕಿದ್ದರೂ ಸಾಕು, ಎಲ್ಲವೂ ಕೆಡುತ್ತಿತ್ತು. 1982ರಲ್ಲಿ ಅಮೆರಿಕದ ಮೂವರು ಕುಸುಮ ರೋಗಿಗಳಲ್ಲಿ ಏಡ್ಸ್ ಕಂಡುಬಂತು. ಮುಂದೆ ಅನೇಕ ದೇಶಗಳಲ್ಲಿ ಸಾವಿರಾರು ಮಂದಿಗೆ ಎಚ್.ಐ.ವಿ. ಮತ್ತು ಹೆಪಟೈಟಿಸ್ ಸಿ ತಗಲಿತು. ರಯಾನ್ ವೈಟ್ ಎಂಬ ಬಾಲಕನನ್ನು ಅವನ ಶಾಲೆಯವರೇ ಹೊರಗಿಟ್ಟರು. ಅವನು 1990ರಲ್ಲಿ, 18ರ ಪ್ರಾಯದಲ್ಲಿ ತೀರಿಹೋದನು.

ಈಗ ಪ್ಲಾಸ್ಮಾವನ್ನು ಪರೀಕ್ಷಿಸಿದ ಬಳಿಕ ಶಾಖದಿಂದ ಇಲ್ಲವೇ ದ್ರಾವಕ ಮತ್ತು ಮಾರ್ಜಕದಿಂದ ಸಂಸ್ಕರಿಸುತ್ತಾರೆ. ಸಾಬೂನು ಎಣ್ಣೆಯ ಜಿಡ್ಡನ್ನು ಕರಗಿಸುವಂತೆ, ಮಾರ್ಜಕವು ಎಚ್.ಐ.ವಿ., ಹೆಪಟೈಟಿಸ್ ಬಿ ಮತ್ತು ಸಿ ವೈರಸ್‌ಗಳ ಕೊಬ್ಬಿನ ಹೊದಿಕೆಯನ್ನು ಒಡೆಯುತ್ತದೆ. ಹೆಪಟೈಟಿಸ್ ಎ ವೈರಸ್‌ಗೆ ಈ ಹೊದಿಕೆಯಿಲ್ಲ, ಅದು ಉಳಿಯಬಹುದು. ಮಾನವ ಪ್ಲಾಸ್ಮಾದಿಂದ ತೆಗೆಯದ, ಜೀವತಂತ್ರಜ್ಞಾನದಿಂದ ಮಾಡಿದ ಫ್ಯಾಕ್ಟರ್ ಕೂಡ ಇದೆ.

ರೋಗಿಯ ಮನೆಯವರು ಗಮನಿಸಬೇಕಾದ್ದು:

1. ವೈರಸ್ ನಾಶಮಾಡಿದ ಅಥವಾ ಜೀವತಂತ್ರಜ್ಞಾನದ ಫ್ಯಾಕ್ಟರನ್ನೇ ಕೇಳಿರಿ. ರಕ್ತನಿಧಿಯ ಪ್ಲಾಸ್ಮಾ, ಕ್ರಯೋಗಳನ್ನು ಸಾಮಾನ್ಯವಾಗಿ ಹೀಗೆ ಸಂಸ್ಕರಿಸಿರುವುದಿಲ್ಲ. ಸೋಂಕಿನ ಮೊದಲ ದಿನಗಳಲ್ಲಿ ಪರೀಕ್ಷೆಗೂ ವೈರಸ್ ಸಿಗದೆ ಹೋಗಬಹುದು.

2. ಹೆಪಟೈಟಿಸ್ ಎ ಮತ್ತು ಬಿ ಲಸಿಕೆ ಹಾಕಿಸಿರಿ. ಲಸಿಕೆಯನ್ನು ಸಪೂರ ಸೂಜಿಯಿಂದ ಚರ್ಮದಡಿಗೆ ಕೊಡಲು ವೈದ್ಯರಲ್ಲಿ ಕೇಳಿ, ಬಳಿಕ ಕನಿಷ್ಠ 5 ನಿಮಿಷ ಒತ್ತಿ ಹಿಡಿಯಿರಿ.

3. ಪ್ರತಿ ಸಲ ಕೊಟ್ಟ ಔಷಧದ ಹೆಸರು, ಬ್ಯಾಚ್ ನಂಬ್ರ, ದಿನಾಂಕವನ್ನು ಪುಸ್ತಕದಲ್ಲಿ ಬರೆದಿಡಿರಿ. ಸೂಜಿಯನ್ನು ಮತ್ತೆ ಬಳಸಬೇಡಿರಿ.

4. ಹಿಂದೆ ರಕ್ತ ಪಡೆದವರು ಪರೀಕ್ಷೆ ಮಾಡಿಸಿರಿ. ಹೆಪಟೈಟಿಸ್ ಸಿ ಇಂದು ಮಾತ್ರೆಗಳಿಂದಲೇ ಗುಣವಾಗುತ್ತದೆ.

ಆದರೆ ಸೋಂಕಿನ ಭಯದಿಂದ ಚಿಕಿತ್ಸೆಯನ್ನೇ ಬಿಡಬಾರದು. ತಲೆಯೊಳಗೆ ರಕ್ತ ಸೋರಿದರೆ ಜೀವ ಹೋದೀತು. ಗಂಟುಗಳಲ್ಲಿ ಸೋರುತ್ತಲೇ ಇದ್ದರೆ ಕಾಲು ಕುಂಟಾದೀತು. ಕೇರಳದಲ್ಲಿ 'ಆಶಾಧಾರಾ' ಯೋಜನೆಯಡಿ ಸರಕಾರಿ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆ ದೊರೆಯುತ್ತದೆ.

ಆರೋಗ್ಯವಂತರಾದ ನಮಗೂ ಕರ್ತವ್ಯವಿದೆ. 1998ರ ಜನವರಿ 1ರಿಂದ ನಮ್ಮ ದೇಶದಲ್ಲಿ ಹಣಕ್ಕೆ ರಕ್ತ ಕೊಡುವುದು ನಿಷಿದ್ಧ. ಸ್ವಇಚ್ಛೆಯಿಂದ ರಕ್ತ ಕೊಡೋಣ. ಅಲ್ಲಿ ಕೇಳುವ ಪ್ರಶ್ನೆಗಳಿಗೆ, ನಾಚಿಕೆಯೆನಿಸಿದರೂ, ನಿಜವನ್ನೇ ಹೇಳೋಣ. ನಾವು ಮುಚ್ಚಿಟ್ಟ ಒಂದು ಮಾತು ಕಾಣದ ಮಗುವಿನ ಮೈ ಸೇರಬಹುದು.