ನೆಲಮಾಳಿಗೆ ತೋಡಿಸುವ ಮೊದಲು

ತಮ್ಮಾ, ಬ್ಯಾಡಗಿಯ ಹೊಸ ಮನೆಗೆ ನೆಲಮಾಳಿಗೆ ತೋಡಿಸುತ್ತೀಯಂತೆ. ಹಂಗಾಮಿನಲ್ಲಿ ಮೆಣಸಿನಕಾಯಿ ಚೀಲ ಇಡಬಹುದು, ಬೇಸಿಗೆಯಲ್ಲಿ ಅವ್ವ ತಂಪಾಗಿ ಮಲಗುತ್ತಾಳೆ ಎಂಬುದು ನಿನ್ನ ಲೆಕ್ಕ. ಚೀಲದ ಮಾತು ಆಮೇಲೆ. ನಿನ್ನ ಅವ್ವನನ್ನು, ಅಂದರೆ ನಮ್ಮ ವೈನಿಯವರನ್ನು ಮಾತ್ರ ಅಲ್ಲಿ ಮಲಗಿಸಬೇಡ. ಅವರಿಗೆ ಮೊದಲೇ ದಮ್ಮಿನ ತ್ರಾಸು.

ನಮ್ಮ ಎರೆನೆಲದ ಸ್ವಭಾವ ನಿನಗೆ ಗೊತ್ತಿದ್ದದ್ದೇ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ನೀರು ಕುಡಿದು ಉಬ್ಬುತ್ತದೆ, ಕುಡಿದದ್ದನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹತ್ತಿ ಬಿತ್ತಿದವನಿಗೆ ಅದೇ ಬೇಕು. ನೆಲದೊಳಗೆ ಗೋಡೆ ಕಟ್ಟಿದವನಿಗೆ ಅದೇ ತಾಪತ್ರಯ. ಉಬ್ಬಿದ ಮಣ್ಣು ಗೋಡೆಯನ್ನು ಒತ್ತಿ ಕೂದಲೆಳೆಯಂಥ ಸೀಳು ಬಿಡಿಸುತ್ತದೆ, ಅಲ್ಲಿಂದ ನೀರು ಜಿನುಗುತ್ತದೆ. ಸೀಳಿಲ್ಲದಿದ್ದರೂ ಇಟ್ಟಿಗೆ ತಾನೇ ತೇವ ಹೀರಿ ಮೇಲಕ್ಕೆಳೆಯುತ್ತದೆ. ಗೋಡೆಗೆ ಬಿಳಿ ಸವಳು ಎದ್ದು, ಗಿಲಾವು ಕೈಗೆ ಪುಡಿಪುಡಿಯಾಗಿ ಬಂದರೆ ಅದೇ ಗುರುತು.

ಆಮೇಲೆ ಬರುವುದು ಬೂಸ್ಟು. ಮೊದಲು ಮೂಲೆಯಲ್ಲಿ ನಾಲ್ಕಾರು ಕರಿ ಚುಕ್ಕೆ. ಎರಡು ಮಳೆ ಕಳೆಯುವುದರೊಳಗೆ ಮಡಿಚಿಟ್ಟ ಕೌದಿ ಬಿಚ್ಚಿದರೂ ಮುಗ್ಗಲು ವಾಸನೆ. ಕಣ್ಣಿಗೆ ಕಾಣದ ಅದರ ಕಣಗಳು ಉಸಿರಿನ ಜೊತೆ ಒಳಗೆ ಹೋಗಿ ಸೀನು, ಕಟ್ಟಿದ ಮೂಗು, ಬಿಡದ ಕೆಮ್ಮು ತರುತ್ತವೆ. ದಮ್ಮಿದ್ದವರಿಗೆ ದಮ್ಮು ಕೆರಳಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಮನೆಯೊಳಗಿನ ತೇವ ಮತ್ತು ಬೂಸ್ಟಿನ ಬಗ್ಗೆಯೇ ಒಂದು ಮಾರ್ಗಸೂಚಿ ತಂದಿತು. ಇಷ್ಟು ಬೂಸ್ಟು ಇದ್ದರೆ ನಡೆಯುತ್ತದೆ ಎಂಬ ಅಳತೆಯನ್ನು ಅದು ಕೊಡಲಿಲ್ಲ, ತೇವವನ್ನೇ ತಡೆಯಿರಿ ಎಂದಿತು. ಹಳ್ಳಿ ಡಾಕ್ಟರು ಕೆಮ್ಮಿಗೆ ಔಷಧಿ ಬರೆದುಕೊಡಬಹುದು, ಗೋಡೆಗೆ ಬರೆದುಕೊಡಲು ಆಗುವುದಿಲ್ಲ.

ಇನ್ನು ಚೀಲದ ಮಾತು. ಬ್ಯಾಡಗಿ ಕಾಯಿಗೆ ಬಣ್ಣದ ಮೇಲೆಯೇ ಬೆಲೆ. ಒಣಗಿದ ಕಾಯಿ ಗಾಳಿಯ ತೇವ ಹೀರಿಕೊಂಡರೆ ಬಣ್ಣವೂ ಹೋಯಿತು, ಅಫ್ಲಟಾಕ್ಸಿನ್ ಎಂಬ ವಿಷ ಬಿಡುವ ಬೂಸ್ಟಿಗೂ ದಾರಿಯಾಯಿತು. ಆ ವಿಷ ಯಕೃತ್ತಿಗೆ ಕೇಡು, ಒಗ್ಗರಣೆಯ ಬಿಸಿಗೂ ಹೋಗುವುದಿಲ್ಲ. 1974ರಲ್ಲಿ ರಾಜಸ್ಥಾನ, ಗುಜರಾತಿನ ಬಾಂಸ್ವಾಡಾ, ಪಂಚಮಹಲ ಜಿಲ್ಲೆಗಳಲ್ಲಿ ಮಳೆಗೆ ನೆನೆದು ಬೂಸ್ಟು ಹಿಡಿದ ಗೋವಿನಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮ ಜಿಲ್ಲೆಯ ತುಂಬ ಈಗ ಗೋವಿನಜೋಳವೇ ಇದೆ, ಅದಕ್ಕೇ ಇದನ್ನು ಹೇಳಿದೆ. ಊರ ಸುತ್ತ ಅಷ್ಟೊಂದು ಕೋಲ್ಡ್ ಸ್ಟೋರೇಜ್ ಇರುವಾಗ ಬಾಡಿಗೆ ಉಳಿಸಲು ಹೋಗಿ ಮಾಲು ಕಳೆದುಕೊಳ್ಳಬೇಡ.

ಹಾವೇರಿಯ ಹಳೇ ಮನೆಯ ಹಗೇವನ್ನು ತೆಗೆಸಿ ಅದನ್ನೂ ಬಳಸೋಣ ಎಂದೆಯಲ್ಲ, ಅದಕ್ಕೆ ಮಾತ್ರ ನಾನು ಸಿಟ್ಟು ಮಾಡುತ್ತೇನೆ. ಹಗೇವೆಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಹುಲ್ಲು ಹಾಸಿ ಜೋಳ ತುಂಬಿ, ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು ಉಸಿರಾಡಿ ಆಮ್ಲಜನಕ ಮುಗಿಸಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳ ಸಾಯುವುದು ಅದರಿಂದಲೇ, ಜೋಳ ವರ್ಷಗಟ್ಟಲೆ ಕೆಡದೆ ಉಳಿಯುವುದೂ ಅದರಿಂದಲೇ. ಮನುಷ್ಯನಿಗೂ ಆ ಗಾಳಿ ಅಷ್ಟೇ. ಇಳಿದವನು ಕೂಗುವುದರೊಳಗೆ ಕುಸಿಯುತ್ತಾನೆ, ಅವನನ್ನು ಎತ್ತಲು ಇಳಿದವನೂ ಅಲ್ಲೇ ಬೀಳುತ್ತಾನೆ. ಪಾಳು ಬಾವಿ, ಶೌಚದ ಗುಂಡಿಯ ಕಥೆಯೂ ಇದೇ. ಹಿರಿಯರು ಹಗೇವಿಗೆ ಕಂದೀಲು ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಇಳಿಯಬಾರದು, ಸರಿ. ಉರಿಯಿತೆಂದು ಇಳಿಯಬಹುದು ಎಂದೇನಲ್ಲ, ದೀಪ ಆರಿಸದ ವಿಷಗಾಳಿಗಳೂ ಇವೆ. ಶೌಚದ ಗುಂಡಿಗಂತೂ ದೀಪ ಇಳಿಸಲೇಬೇಡ, ಬೆಂಕಿ ಹತ್ತೀತು. ಹಗೇವನ್ನು ಗರಸು ತುಂಬಿಸಿ ಮುಚ್ಚಿಸಿಬಿಡು.

ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿರುವ ನಿನ್ನ ಗೆಳೆಯನಿಗೂ ಒಂದು ಮಾತು ಮುಟ್ಟಿಸು. ಸೆಲ್ಲರಿನಲ್ಲಿ ನೀರು ನಿಂತಾಗ ಡೀಸೆಲ್ ಪಂಪನ್ನೋ ಜನರೇಟರನ್ನೋ ಕೆಳಗಿಳಿಸಿ ಹಚ್ಚಬಾರದು. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ತಲೆ ಸುತ್ತಿತು ಅನ್ನುವಷ್ಟರಲ್ಲಿ ಕಾಲು ಸೋತಿರುತ್ತದೆ. ತೇವ ಆರಲೆಂದು ಬಾಗಿಲು ಹಾಕಿ ಇದ್ದಿಲ ಶಿಗಡಿ ಇಡುವುದೂ ಅದೇ ಜಾತಿಯ ಕೆಲಸ. ಕರೆಂಟಿನ ಮೇನ್ ತೆಗೆಯದೆ ನಿಂತ ನೀರಿಗೆ ಕಾಲಿಡಬಾರದು. ಅವನ ಗೋಡೆಗೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಹಚ್ಚಿ, ನಾಲ್ಕೂ ಅಂಚಿಗೆ ಟೇಪು ಬಿಗಿದು ಎರಡು ದಿನ ಬಿಡಲು ಹೇಳು. ಹನಿ ಹಾಳೆಯ ಹಿಂದೆ, ಗೋಡೆಯ ಬದಿಗೆ ಕೂತಿದ್ದರೆ ನೀರು ಮಣ್ಣಿನಿಂದ ಬರುತ್ತಿದೆ. ಕೋಣೆಯ ಬದಿಗೆ ಕೂತಿದ್ದರೆ ಅದು ಗಾಳಿಯ ತೇವ. ಮೊದಲನೆಯದಕ್ಕೆ ಹೊರಗಿನಿಂದ ರಿಪೇರಿ ಆಗಬೇಕು, ಎರಡನೆಯದಕ್ಕೆ ಎಕ್ಸಾಸ್ಟ್ ಫ್ಯಾನು ಸಾಕಾದೀತು.

ಇಷ್ಟಾದರೂ ನೆಲಮಾಳಿಗೆ ಬೇಕೇಬೇಕು ಎಂದರೆ ಕಟ್ಟುವಾಗಲೇ ಖರ್ಚು ಮಾಡು. ವಾಟರ್‌ಪ್ರೂಫಿಂಗ್ ಗೋಡೆಯ ಹೊರಮೈಗೆ, ಮಣ್ಣು ತುಂಬುವ ಮೊದಲೇ ಆಗಬೇಕು. ತೋಡಿದ ಎರೆಯನ್ನೇ ಮತ್ತೆ ತುಂಬಿಸಬೇಡ. ಗೋಡೆಗೆ ತಾಗಿ ಜಲ್ಲಿ, ಅದರಾಚೆ ಗರಸು ಹಾಕಿಸಿ, ಬುಡದ ನೀರು ಹೋಗಲು ಪೈಪು ಕೂಡಿಸು. ಮಾಳಿಗೆಯ ನೀರು, ಬಚ್ಚಲ ನೀರು ಗೋಡೆ ಬುಡದಲ್ಲಿ ಬೀಳದೆ ದೂರ ಹರಿಯಲಿ. ಎದುರುಬದುರು ಎರಡು ಕಿಂಡಿ ಇರಲಿ, ಆದರೆ ಮಳೆಗಾಲದಲ್ಲಿ ಇಡೀ ದಿನ ತೆರೆದಿಡಬೇಡ, ಹೊರಗಿನ ಹಸಿ ಗಾಳಿ ತಣ್ಣನೆ ಗೋಡೆಗೆ ಬಡಿದು ನೀರಾಗುತ್ತದೆ. ಬಿಸಿಲು ಬಿದ್ದ ಹೊತ್ತು ನೋಡಿ ತೆಗೆ. ಒಳಗೋಡೆಗೆ ಸುಣ್ಣವೇ ವಾಸಿ. ಹಸಿ ಗೋಡೆಗೆ ಪ್ಲಾಸ್ಟಿಕ್ ಪೇಂಟು ಬಳಿಸಿದರೆ ತೇವ ಒಳಗೇ ಉಳಿದು ಪೇಂಟು ಬೊಬ್ಬೆ ಎದ್ದು ಉದುರುತ್ತದೆ. ಬೂಸ್ಟು ಕಂಡರೆ ಒಣ ಬ್ರಶ್ಶಿನಿಂದ ಉಜ್ಜಿಸಬೇಡ, ಮೂಗಿಗೆ ಮಾಸ್ಕ್ ಹಾಕಿ ಸಾಬೂನು ನೀರಿನಲ್ಲಿ ಒರೆಸಿಸು. ಬೂಸ್ಟು ಹಿಡಿದ ಗಾದಿಯ ಆಸೆ ಬಿಟ್ಟುಬಿಡು.

ವೈನಿಯವರ ಮಂಚ ಮೇಲಿನ ಕೋಣೆಯಲ್ಲಿ, ಪಡುವಣ ಗಾಳಿ ಬರುವ ಕಿಟಕಿಯ ಹತ್ತಿರ ಹಾಕು. ಗೌಂಡಿ ಅಳತೆ ಹಾಕಲು ಬರುವ ದಿನ ನನಗೊಂದು ಫೋನ್ ಹಚ್ಚು, ಬರುತ್ತೇನೆ.